ಕುದಿಸಿದ ಮಜ್ಜಿಗೆ

ಅಶೋಕಪುರಂನ ಚಾಮಯ್ಯ ರೈಲ್ವೆ ವರ್ಕ್‌ಶಾಪಿನ ಕೆಲಸಗಾರ. ಡಾಕ್ಟರು ಕೊಟ್ಟ ಮಾತ್ರೆಗಳನ್ನು ತಪ್ಪದೆ ನುಂಗಿದ್ದರಿಂದ ಟೈಫಾಯಿಡ್ ಜ್ವರವೇನೋ ಬಿಟ್ಟಿತು. ಹೊಟ್ಟೆ ಮಾತ್ರ ಹದಕ್ಕೆ ಬರಲಿಲ್ಲ. ಉಂಡದ್ದು ನಿಲ್ಲದು. ಬೀದಿಯ ತುದಿಗೆ ನಡೆದರೆ ಕಾಲು ನಡುಗುತ್ತಿತ್ತು. ರಜೆ ಮುಗಿಯುತ್ತ ಬಂದಿತ್ತು.

ಮಜ್ಜಿಗೆ ಕೊಡಿ ಎಂದು ಡಾಕ್ಟರು ಹೇಳಿದ್ದರು. ಹೆಂಡತಿ ಭಾಗ್ಯಮ್ಮ ಕೊಡುತ್ತಲೂ ಇದ್ದಳು. ಜ್ವರದ ಮನೆಯಲ್ಲಿ ಕುದಿಸಿದ ನೀರನ್ನೇ ಕೊಡಬೇಕೆಂದು ಕೇಳಿದ್ದ ಅವಳು, ಮಜ್ಜಿಗೆಯನ್ನೂ ಹಾಗೆಯೇ ಕುದಿಸಿ ಬೆಳಗ್ಗೆ ಬರಿಹೊಟ್ಟೆಗೆ ಕುಡಿಸುತ್ತಿದ್ದಳು. ಹಸಿ ಮಜ್ಜಿಗೆ ಶೀತವೆಂದು ಮಾವ ಮರಿಯಯ್ಯನವರಿಗೂ ಅದೇ ಸರಿ ಕಂಡಿತ್ತು.

ಒಂದು ಸಂಜೆ ಪಕ್ಕದ ಬೀದಿಯ ನರ್ಸ್ ಪ್ರೇಮಮ್ಮ ವಿಚಾರಿಸಲು ಬಂದರು. ಒಲೆಯ ಮೇಲೆ ಒಡೆದುಹೋಗಿದ್ದ ಮಜ್ಜಿಗೆಯನ್ನು ನೋಡಿದರು.

"ಭಾಗ್ಯ, ಸುಡೋ ಹಾಲಿಗೆ ಹೆಪ್ಪು ಹಾಕ್ತೀಯೇನಮ್ಮ?"

"ಹಾಕಿದ್ರೆ ಮೊಸರೆಲ್ಲಾಗುತ್ತಕ್ಕ?"

"ಹೆಪ್ಪಲ್ಲಿರೋ ಜೀವ ಬೆಂದೋಗುತ್ತೆ, ಅದಕ್ಕೆ. ನೀನು ಚಾಮಣ್ಣಂಗೆ ಕುಡಿಸ್ತಿರೋದೂ ಬೆಂದದ್ದೇ ಕಣಮ್ಮ."

ಮೊಸರಿನಲ್ಲಿ ಒಳ್ಳೆಯ ಸೂಕ್ಷ್ಮಜೀವಿಗಳಿರುತ್ತವೆ ಎಂದು ಪ್ರೇಮಮ್ಮ ವಿವರಿಸಿದರು. ಟೈಫಾಯಿಡ್‌ಗೆ ಕೊಡುವ ಔಷಧಿ ರೋಗದ ಕ್ರಿಮಿಗಳ ಜೊತೆಗೆ ಕರುಳಿನ ಒಳ್ಳೆಯ ಜೀವಿಗಳನ್ನೂ ಕೊಲ್ಲುತ್ತದೆ. ಆಗ ಮೊಸರಿನವು ನೆರವಾಗಬಹುದು. ಆದರೆ ಅವು ಜಠರದ ಹುಳಿರಸವನ್ನು ದಾಟಬೇಕು. ಬರಿಹೊಟ್ಟೆಯಲ್ಲಿ ಆ ಹುಳಿ ಬಲು ತೀಕ್ಷ್ಣ. ಅನ್ನದ ಜೊತೆ ಹೋದರೆ ಅದರ ಕಾಟ ಕಡಿಮೆ, ಕರುಳು ಮುಟ್ಟುವವು ಹೆಚ್ಚು.

"ಕಾಣ್ದೇ ಇರೋದ್ನ ಎಂಗವ್ವ ನಂಬೋದು?" ಎಂದರು ಮರಿಯಯ್ಯ. "ನಾಳೆ ಅವನಿಗೆ ಕೆಮ್ಮು ಬಂದ್ರೆ ನೀನು ಬಂದು ಕೆಮ್ತೀಯಾ?"

ಪ್ರೇಮಮ್ಮ ಭಾಗ್ಯಮ್ಮನ ಕೈಯಿಂದ ಎರಡು ಬಟ್ಟಲಲ್ಲಿ ಉಗುರುಬೆಚ್ಚಗಿನ ಹಾಲು ಹಾಕಿಸಿದರು. ಒಂದಕ್ಕೆ ಕುದಿಸಿ ಆರಿಸಿದ ಮಜ್ಜಿಗೆ, ಇನ್ನೊಂದಕ್ಕೆ ಕುದಿಸದ ಮಜ್ಜಿಗೆ ಬಿಟ್ಟು ಮುಚ್ಚಿಡಲು ಹೇಳಿ ಹೋದರು.

ಬೆಳಗ್ಗೆ ಮುಚ್ಚಳ ತೆಗೆದವರು ಮರಿಯಯ್ಯನವರೇ. ಒಂದರಲ್ಲಿ ಗಟ್ಟಿ ಮೊಸರು. ಕುದಿಸಿದ ಮಜ್ಜಿಗೆ ಬಿಟ್ಟಿದ್ದನ್ನು ಓರೆ ಮಾಡಿದರೆ ಹಾಲು ಹಾಲಾಗಿಯೇ ಹರಿಯಿತು. ಅವರು ಆ ಬಟ್ಟಲನ್ನು ಸೊಸೆಯ ಮುಂದೆ ಹಿಡಿದರು.

"ಇದ್ರಲ್ಲೇನೂ ಉಳ್ದೇ ಇಲ್ವಲ್ಲವ್ವ. ಮಧ್ಯಾಹ್ನ ಅವನಿಗೆ ಆ ಮೊಸರನ್ನ ಮೆದು ಅನ್ನಕ್ಕೆ ಕಲಸ್ಬುಡು. ಅನ್ನ ಆರ್ಲಿ ಮೊದ್ಲು."

ಚಾಮಯ್ಯನ ಹೊಟ್ಟೆ ನಿಧಾನವಾಗಿ ಹದಕ್ಕೆ ಬಂತು. ರಜೆ ಮುಗಿದಾಗ ಅವನು ಕೆಲಸಕ್ಕೆ ಹೊರಟ. ಅದು ಮೊಸರೊಂದರಿಂದಲೇ ಎಂದು ಪ್ರೇಮಮ್ಮ ಹೇಳಲಿಲ್ಲ, ನಾವೂ ಹೇಳುವುದಿಲ್ಲ.

ಓದುಗರೇ, ನೀರನ್ನು ಕುದಿಸಿ ಆರಿಸಿ ಕುಡಿಯಿರಿ. ಮಜ್ಜಿಗೆಗೆ ಬೆರೆಸುವ ನೀರೂ ಅದೇ ಇರಲಿ. ಆದರೆ ಮೊಸರು ಮಜ್ಜಿಗೆಯನ್ನು ಒಲೆಗೇರಿಸಬೇಡಿ. ಆರಿದ ಅನ್ನಕ್ಕೆ ಕಲಸಿ ಉಣ್ಣಿ. ಔಷಧಿಯನ್ನು ಅರ್ಧಕ್ಕೆ ಬಿಡಬೇಡಿ. ಭೇದಿ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ನಿಮ್ಮ ಮನೆಯಲ್ಲಿ ಯಾರಾದರೂ ಜ್ವರದಿಂದ ಏಳುತ್ತಿದ್ದರೆ, ಅಡುಗೆ ಮಾಡುವವರಿಗೆ ಇದನ್ನು ಇಂದೇ ಓದಿ ಹೇಳಿ.