ಗಿರಣಿಯ ಕರೆಂಟ್ ಬಿಲ್ಲು

ಅಣ್ಣನಿಗೆ ಹೇಳುವುದೇನೋ ಹೇಳಬಹುದು, ಆದರೆ ಯಾವ ಮಾತಿನಿಂದ ಶುರು ಮಾಡುವುದು? ಬಿಲ್ಲು ನಾನೇ ತುಂಬುತ್ತಿದ್ದೆ ಎಂದರೆ ಉಪಕಾರವನ್ನು ಎತ್ತಿ ಆಡಿದಂತಾಗುತ್ತದೆ. ಹೇಳದೇ ಹೋದರೆ ಇನ್ನು ಒಂಬತ್ತು ದಿನಕ್ಕೆ ರಜೆ ಮುಗಿದು ಮತ್ತೆ ಮಸ್ಕತ್ತು, ಮತ್ತೆ ಎರಡು ವರ್ಷ ಅದೇ ಮೌನ. ಜೋಳದ ಡಬ್ಬಿಯನ್ನು ಎಡಗೈಯಿಂದ ಬಲಗೈಗೆ ಬದಲಿಸುತ್ತ ಲಖನ ತನ್ನೂರು ಕೊಗನೊಳ್ಳಿಯ ಗಿರಣಿ ಓಣಿಯ ತಿರುವಿನಲ್ಲಿ ಮೂರನೆಯ ಸಲ ನಿಂತ.

ಗಿರಣಿಯ ಸದ್ದು ಅಲ್ಲಿಗೇ ಕೇಳುತ್ತಿತ್ತು. ಕಳೆದ ಹದಿನೆಂಟು ತಿಂಗಳು ಆ ಸದ್ದನ್ನು ಅವನು ಯುನಿಟ್ಟುಗಳಲ್ಲಿ ಕೇಳಿದ್ದ. ಮಸ್ಕತ್ತಿನಲ್ಲಿ ಎ.ಸಿ. ರಿಪೇರಿಯ ಕೆಲಸ ಅವನದು. ಪ್ರತಿ ತಿಂಗಳ ಮೊದಲ ವಾರ, ಊಟದ ಹೊತ್ತಿನಲ್ಲಿ, ಯಾವುದಾದರೂ ಕಟ್ಟಡದ ತಾರಸಿಯ ನೆರಳಿನಲ್ಲಿ ಕೂತು ಮೊಬೈಲಿನಲ್ಲಿ ಗಿರಣಿಯ ಬಿಲ್ಲು ತೆಗೆಯುತ್ತಿದ್ದ. ಏಪ್ರಿಲ್‌ನಲ್ಲಿ ಯುನಿಟ್ಟು ಏರಿದರೆ ಊರಿನ ಹೆಣ್ಣುಮಕ್ಕಳು ವರ್ಷದ ಖಾರ ಕುಟ್ಟಿಸುತ್ತಿದ್ದಾರೆ ಎಂದರ್ಥ. ಮಳೆಗಾಲದಲ್ಲಿ ತುಸು ಇಳಿಯುತ್ತಿತ್ತು. ಒಮ್ಮೆ ಇದ್ದಕ್ಕಿದ್ದಂತೆ ಅರ್ಧಕ್ಕೆ ಇಳಿದಾಗ ಅವನಿಗೆ ಎರಡು ದಿನ ಊಟ ಸೇರಲಿಲ್ಲ. ಆಮೇಲೆ ಹೆಂಡತಿ ನೀಲಮ ಫೋನಿನಲ್ಲಿ, ಭಾವನವರಿಗೆ ಟೈಫಾಯ್ಡ್ ಆಗಿ ಗಿರಣಿ ನಿಂತಿತ್ತಂತೆ ಎಂದಳು. ಅವನು ಹೂಂ ಎಂದಿದ್ದ, ಅಷ್ಟೆ.

ಆ ಗಿರಣಿ ಅಪ್ಪ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಇಪ್ಪತ್ತು ವರ್ಷ ದುಡಿದು ಹಾಕಿದ್ದು. ಅಪ್ಪ ಇರುವ ತನಕ ಬಿಲ್ಲಿನ ಫೋಟೋ ಮಸ್ಕತ್ತಿಗೆ ಬರುತ್ತಿತ್ತು, ಲಖನ ತುಂಬುತ್ತಿದ್ದ. ನಾಲ್ಕು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ಕಂಪನಿ ಅವನನ್ನು ಬಿಡಲಿಲ್ಲ. ಎಂಟು ದಿನ ತಡವಾಗಿ ಬಂದು, ದವಾಖಾನೆಯ ಖರ್ಚಿಗೆಂದು ಲಕೋಟೆ ಮುಂದಿಟ್ಟಾಗ ಅಣ್ಣ ತುಕಾರಾಮ ನಾಲ್ಕು ಮಂದಿಯ ಎದುರು ಅದನ್ನು ಅಂಗಳಕ್ಕೆ ತೂರಿದ್ದ. “ಹೆಗಲ ಕೊಡಾಕ ಆಗಲಿಲ್ಲ, ಬಿಲ್ ತುಂಬಾಕ ಬಂದಾನ. ಇವನ ರೊಕ್ಕಾ ಇನ್ನ ನನ್ನ ಹೊಸ್ತಲಾ ದಾಟೂದ ಬ್ಯಾಡ.” ಗಿರಣಿ ಮತ್ತು ಅದರ ಹಿಂದಿನ ಎರಡು ಖೋಲಿ ಅಣ್ಣನಿಗೆ, ಮನೆ ತಮ್ಮನಿಗೆ ಎಂದು ಹಂಚಿಕೆಯಾಯಿತು. ಅಂದಿನಿಂದ ಮಾತಿಲ್ಲ.

ಒಂದೂವರೆ ವರ್ಷದ ಹಿಂದೆ, ಬಾಕಿಗಾಗಿ ಗಿರಣಿಯ ಕರೆಂಟು ಕಿತ್ತರು ಎಂದು ನೀಲಮ ಹೇಳಿದ ದಿನವೇ ಲಖನ ಬಾಕಿಯನ್ನೆಲ್ಲ ತುಂಬಿದ. ಮೀಟರು ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ಯಾರಿಗೂ ಹೇಳಲಿಲ್ಲ, ನೀಲಮಳಿಗೂ. ಅಣ್ಣನಿಗೆ ಎಂದಾದರೂ ಗೊತ್ತಾಗುತ್ತದೆ, ಫೋನು ಮಾಡುತ್ತಾನೆ, ಬೈಯುವುದಾದರೂ ಬೈಯಲಿ ಎಂದು ಕಾದ. ಫೋನು ಬರಲಿಲ್ಲ.

ಡಬ್ಬಿ ನೀಲಮಳ ಉಪಾಯ. “ಬರೇ ಮಾತಾಡಸಾಕಂತ ಹ್ವಾದ್ರ ಮಾರಿ ತಿರುವತಾರ. ಜ್ವಾಳಾ ಒಯ್ರಿ. ಮಾವಾರ ಕಾಯ್ದೆ ಐತಲ್ಲ.” ಗಿರಣಿಗೆ ಬಂದ ಕಾಳನ್ನು, ಅದು ಯಾರ ಮನೆಯದೇ ಇರಲಿ, ತಿರುಗಿ ಕಳಿಸಬಾರದು ಎಂಬುದು ಅಪ್ಪನ ಕಾಯ್ದೆಯಾಗಿತ್ತು.

ಒಳಗೆ ಡಬ್ಬಿಗಳು ಸಾಲಾಗಿದ್ದವು. ಲಖನ ತನ್ನದನ್ನು ಕೊನೆಗೆ ಇಟ್ಟ. ಹುಬ್ಬಿನ ತನಕ ಬೆಳ್ಳಗಾಗಿದ್ದ ತುಕಾರಾಮ ಒಮ್ಮೆ ನೋಡಿ, ಮತ್ತೆ ಹಿಟ್ಟು ಬೀಳುವ ಕಡೆ ತಿರುಗಿದ. ಬಾಗಿಲ ಬಳಿ ಗೋಡೆಗೆ ಒರಗಿ ಕೂತಿದ್ದ ಶೇವಂತಾ ಮುದುಕಿ ಕಣ್ಣು ಕಿರಿದು ಮಾಡಿದಳು.

“ಯಾರಲೇ ಅದು, ಮಸ್ಕತ್ತಿನ ಸಾಹೇಬನೇನ? ಅಲ್ಲೆ ಹಿಟ್ಟ ಸಿಗಂಗಿಲ್ಲೇನೋ, ಇಲ್ಲೀತನಕಾ ಡಬ್ಬಿ ಹೊತ್ತ ಬಂದೀ?”

“ಸಿಗತೈತಿ ಆಯಿ. ರೊಟ್ಟಿ ಆಗಂಗಿಲ್ಲ.”

“ಹೆಂಗ ಆದೀತು? ಪಾಕೀಟಿನ ಹಿಟ್ಟ, ಬಡ್ಯಾಕ ಹ್ವಾದ್ರ ಸೀಳತೈತಿ.” ಮುದುಕಿ ಒಳಗೆ ಕೂಗಿದಳು: “ತುಕ್ಯಾ, ತಮ್ಮಂದ ಮೊದಲ ಹಾಕ. ನನಗೇನ ಅವಸರಿಲ್ಲ.”

“ಪಾಳಿ ಅಂದ್ರ ಪಾಳಿ,” ಎಂದ ತುಕಾರಾಮ.

“ಹಂಗಾರ ಸಾವಕಾಶ ಬೀಸ. ನಿಮ್ಮಿಬ್ಬರ ಮಾರಿ ನೋಡ್ಕೋತ ಕುಂಡರತೀನಿ. ಚಂದ ಅದಾವ, ಒಂದ ಅಚ್ಚಿನ್ಯಾವು.”

ಅರ್ಧ ತಾಸಿನ ಮೇಲೆ ಮುದುಕಿಯೂ ಹೋದಳು. ಅವಳದು ಗೋಧಿಯಾಗಿತ್ತು. ತುಕಾರಾಮ ಲಖನನ ಡಬ್ಬಿಯಿಂದ ಮೊದಲು ಒಂದು ಬೊಗಸೆ ಜೋಳ ಮಾತ್ರ ಹಾಕಿ, ಕಲ್ಲಿನಲ್ಲಿ ಉಳಿದ ಗೋಧಿ ಬೆರೆತ ಆ ಹಿಟ್ಟನ್ನು ಬೇರೆ ತೆಗೆದಿಟ್ಟ. ಉಳಿದದ್ದನ್ನು ಆಮೇಲೆ ಸುರಿದ. ಎಲ್ಲ ಗಿರಾಕಿಗಳಿಗೆ ಮಾಡುವುದನ್ನೇ ತಮ್ಮನಿಗೂ ಮಾಡಿದ, ಹೆಚ್ಚಿಲ್ಲ, ಕಡಿಮೆಯಿಲ್ಲ.

“ಗಿರಣಿ ಚಲೋ ನಡದೈತಿ?” ಎಂದ ಲಖನ.

“ನಡದೈತಿ.”

“ಕರೆಂಟ್ ಬಿಲ್ಲ...”

ಅಷ್ಟು ಹೇಳುವುದರೊಳಗೆ ತುಕಾರಾಮನ ಮುಖ ಬದಲಾಯಿತು. ಲಖನನಿಗೆ ಅದು ನಗು ಎಂದು ಗುರುತಿಸಲು ಒಂದು ಕ್ಷಣ ಬೇಕಾಯಿತು.

“ನಿನಗೂ ಹೇಳ್ಯಾರೇನ ಮಂದಿ? ಹೌದು. ನಮ್ಮ ಸಂದೇಶ ತುಂಬತಾನ.”

ಸಂದೇಶ ತುಕಾರಾಮನ ಒಬ್ಬನೇ ಮಗ. ಗಿರಣಿಯಲ್ಲಿ ಕೂರಲಾರೆ ಎಂದದ್ದಕ್ಕೆ ಎರಡು ವರ್ಷದ ಹಿಂದೆ ಓಣಿಯ ನಡುವೆ ಅಪ್ಪನಿಂದ ಏಟು ತಿಂದು ಮನೆ ಬಿಟ್ಟಿದ್ದ. ಗಡಿಯಾಚೆಯ ಕಾಗಲದ ಕಾರ್ಖಾನೆಯೊಂದಕ್ಕೆ ಸೇರಿ ಅಲ್ಲೇ ಖೋಲಿ ಮಾಡಿಕೊಂಡಿದ್ದ.

“ಕರೆಂಟ್ ಕಿತ್ತಿದ್ರು. ಅವರಿವರ ಕಾಲ ಬಿದ್ದ ರೊಕ್ಕಾ ಕೂಡಿಸ್ಕೊಂಡ ಹ್ವಾದ್ರ, ಮೊಬೈಲನ್ಯಾಗ ತುಂಬ್ಯಾರ ಹೋಗ್ರಿ ಅಂದ್ರು ಆಫೀಸನ್ಯಾಗ. ನಿನ್ನ ರೊಕ್ಕಾ ನಾನ ಬ್ಯಾಡಂದಿದ್ದೆ. ಇನ್ನ ನಮ್ಮ ಮನಿಯಾಗ ಮೊಬೈಲನ್ಯಾಗ ತುಂಬಾವರು ಮತ್ತ ಯಾರದಾರ? ನಾ ಹೊಡದ ಓಡಿಸಿದ ಪೋರ, ಲಖ್ಯಾ. ಹೇಳಲಿಲ್ಲ ಕೇಳಲಿಲ್ಲ, ಅಪ್ಪನ ಗಿರಣಿ ಉಳಸ್ಯಾನ.”

ಲಖ್ಯಾ. ಹಾಗೆ ಕರೆಸಿಕೊಂಡು ನಾಲ್ಕು ವರ್ಷವಾಗಿತ್ತು.

“ಅವನ್ನ ಕೇಳಿದ್ಯಾ?”

“ಕೇಳಿದೆ. ನಾ ಅಲ್ಲ ಅಂದ. ಅನ್ನಲಿ. ಯಾರ ಮಗಾ ಅಂವಾ? ಒಳಗಿಂದ ಬಾಯಿಗೆ ಬರಾಕ ನಮ್ಮ ಮನೆತನದಾಗ ಹತ್ತ ವರ್ಷ ಬೇಕು.” ತುಕಾರಾಮ ಬೀಳುತ್ತಿದ್ದ ಹಿಟ್ಟಿಗೆ ಕೈಯೊಡ್ಡಿ, ಹೆಬ್ಬೆರಳಿನಿಂದ ತೀಡಿ ನೋಡಿದ. “ಮೂರ ಸಲ ಕಾಗಲಕ್ಕ ಹೋಗಿ ಕರದೆ. ಈಗ ಐತವಾರಕ್ಕೊಮ್ಮೆ ಬರತಾನ. ಅವರವ್ವ ಒಂದ ರೊಟ್ಟಿ ಹೆಚ್ಚ ತಿನ್ನಾಕತ್ತಾಳ. ದೂರ ಹ್ವಾದಾವರು ಮರೀತಾರಂತ ತಿಳಕೊಂಡಿದ್ನೋ ನಾ.”

ಅವನು ತಲೆ ಎತ್ತಲಿಲ್ಲ. ಕೈಯ ಹಿಟ್ಟು ಕೊಡವುತ್ತ ಕೇಳಿದ: “ಎಷ್ಟ ದಿನಾ ಅದೀ?”

“ಒಂಬತ್ತ ದಿನಾ.”

“ಹೂಂ.”

ಹೊರಗೆ ಬೈಕು ನಿಂತಿತು. ಸಂದೇಶ ಹೆಲ್ಮೆಟ್ಟು ತೆಗೆದು ಒಳಗೆ ಬರುತ್ತಿದ್ದವನು ಅಪ್ಪ ಮತ್ತು ಕಾಕಾ ಒಂದೇ ಕಡೆ ಇರುವುದನ್ನು ನೋಡಿ ಹೊಸ್ತಿಲಲ್ಲೇ ತಡೆದು ನಿಂತ. ಆಮೇಲೆ ಬಾಗಿ ಕಾಕಾನ ಕಾಲು ಮುಟ್ಟಿದ. “ಕಾಕಾನ ಡಬ್ಬಿ ಮನೀಗೆ ಮುಟ್ಟಿಸಿ ಬಾ,” ಎಂದ ತುಕಾರಾಮ. ಬೀಸಿದ ಕೂಲಿ ಎಂದು ಲಖನ ಚಾಚಿದ ನೋಟನ್ನು ತೆಗೆದುಕೊಂಡು, ಚಿಲ್ಲರೆಯನ್ನು ಲೆಕ್ಕದಂತೆ ತಿರುಗಿ ಕೊಟ್ಟ.

ಡಬ್ಬಿ ಹೆಗಲಿಗೇರಿಸಿಕೊಂಡು ಹುಡುಗ ಓಣಿಯ ತಿರುವಿನ ತನಕ ಕಾಕಾನ ಜೊತೆ ನಡೆದ. ಗಿರಣಿ ಕಣ್ಣಿಗೆ ಮರೆಯಾದ ಮೇಲೆ ಸಂದೇಶ ನಿಂತ.

“ಕಾಕಾ, ಆ ಬಿಲ್ ನಾ ತುಂಬಾಕತ್ತಿಲ್ಲ. ಅಪ್ಪಗ ಎರಡ ಸಲ ಹೇಳೀನಿ. ನಗತಾನ. ಯಾರಂತ ಹುಡಕೂಣಂದ್ರ ಅಂಜಿಕಿ ಆಗತೈತಿ. ಖರೇ ಗೊತ್ತಾತಂದ್ರ ಅಪ್ಪಾ ಮತ್ತ ಮೊದಲಿನಂಗ...”

ಅಣ್ಣ ಬೈಯುವುದಾದರೂ ಬೈಯಲಿ ಎಂದು ಲಖನ ಕಾದದ್ದು ಹದಿನೆಂಟು ತಿಂಗಳು. ಈ ಹುಡುಗನ ಮುಂದೆ ಒಂದೇ ಮಾತು ಸಾಕಾಗಿತ್ತು. ಸಂಜೆಯೊಳಗೆ ಅದು ಗಿರಣಿ ಮುಟ್ಟುತ್ತಿತ್ತು.

“ಮೊಬೈಲ್ ತಗಿ,” ಎಂದ. ಹುಡುಗ ತೆಗೆದ. ಲಖನ ಬಿಲ್ಲಿನ ಖಾತೆ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿದ. ಎಲ್ಲೂ ನೋಡಿ ಓದಲಿಲ್ಲ, ಎಲ್ಲೂ ತಡವರಿಸಲಿಲ್ಲ. “ಈ ತಿಂಗಳಿಂದ ನೀ ತುಂಬ. ಮತ್ತ ಅಪ್ಪಾ ಕೇಳಿದ್ರ ಹೌದ ಅನ್ನಾಕ ಬರತೈತಿ.”

ಸಂದೇಶ ಪರದೆಯ ಮೇಲೆ ಮೂಡಿದ ಅಜ್ಜನ ಹೆಸರನ್ನು ನೋಡಿದ. ಆಮೇಲೆ ಕಾಕಾನನ್ನು ನೋಡಿದ.

“ಕಾಕಾ, ನೀವ...”

“ಡಬ್ಬಿ ವಾಲೇತಿ. ಸರಿಯಾಗಿ ಹಿಡಿ.”

ಹೊರಡುವ ದಿನ ತುಕಾರಾಮ ಹಿಟ್ಟು ಮೆತ್ತಿದ ಅಂಗಿಯಲ್ಲೇ ಹೆದ್ದಾರಿಯ ತನಕ ಬಂದ. ಬಸ್ಸು ತಡವಾಯಿತು. ಇಬ್ಬರೂ ಹೋಗುವ ಬರುವ ಲಾರಿಗಳನ್ನು ನೋಡುತ್ತ ಬಹಳ ಹೊತ್ತು ನಿಂತರು.

“ಸಂದೇಶ ನಿನ್ನಿ ಮತ್ತ ತುಂಬ್ಯಾನ,” ಎಂದ ತುಕಾರಾಮ. “ಈ ಸಲ ಕೇಳಿದ್ರ, ಹೌದಂದ.”

“ಚಲೋ ಆತು,” ಎಂದ ಲಖನ.

ಅದಕ್ಕೂ ಮೊದಲಿನ ಹದಿನೆಂಟು ತಿಂಗಳ ಮಾತನ್ನು ಅವನು ಅಣ್ಣನಿಗೆ ಎಂದೂ ಹೇಳಲಿಲ್ಲ.