ಡೇರೆಯೊಳಗೆ ತಮಟೆ ಕಾಯಿಸಿದ ಸಂಜೆ

ಹೊತ್ತು ಇಳಿದರೆ ಮರಳಿಗೆ ಚಳಿ ಹಿಡಿಯುತ್ತದೆ. ಚಳಿಗೆ ತಮಟೆಯ ಚರ್ಮ ಸಡಿಲವಾಗುತ್ತದೆ. ಸಡಿಲ ತಮಟೆಯನ್ನು ಬಡಿದರೆ ಒದ್ದೆ ಗೋಣಿಗೆ ಹೊಡೆದ ಸದ್ದು. ಅದಕ್ಕೇ ದಕ್ಷಿಣ ಮೊರಾಕೋದ ಹಾಡುಗಾರರು ಕುಣಿತಕ್ಕೆ ಇಳಿಯುವ ಮೊದಲು ತಮಟೆಯನ್ನು ಕೆಂಡಕ್ಕೆ ಹಿಡಿದು ಬಿಗಿ ಮಾಡಿಕೊಳ್ಳುತ್ತಾರೆ.

ಆ ವಸಂತದ ಸಂಗೀತ ಮೇಳಕ್ಕೆ ಮರಳುಗುಡ್ಡದ ಬುಡದಲ್ಲಿ ಡೇರೆಗಳ ಊರೇ ಎದ್ದಿತ್ತು. ಯಮ್ನಾಳ ಹಾಡಿನ ತಂಡದ ಹೆಂಗಸರೂ ಬಂದಿದ್ದರು. ಯಮ್ನಾ ಮೊದಲ ಸಾಲು ಎತ್ತಿಕೊಟ್ಟರೇ ಉಳಿದವರು ಹಾಡುವುದು. ಮೊದಲ ಸಂಜೆಯ ಮೊದಲ ಹಾಡು ಅವಳದೇ. ಅಷ್ಟು ದೊಡ್ಡ ವೇದಿಕೆ ಅವಳಿಗೆ ಇದೇ ಮೊದಲು.

ಮಗ ಜಾಯಿದ್ ರಿಸಾನಿ ಪೇಟೆಯಿಂದ ಹೊಸ ನೈಲಾನ್ ಡೇರೆ ತಂದಿದ್ದ. ಯಮ್ನಾ ಅದರ ಜಿಪ್ಪನ್ನು ಎಳೆದು, ಬಿಟ್ಟು, ಮತ್ತೆ ಎಳೆದು ಅಕ್ಕಪಕ್ಕದವರಿಗೆಲ್ಲ ತೋರಿಸಿದಳು. "ನೋಡ್ರೇ, ಒಂದು ಕಾಳು ಮರಳೂ ಒಳಗೆ ಬರಲ್ಲ!"

ಸೊಸೆ ತೂದಾ ಮಗು ತಿಲೀಲಾಳನ್ನು ಬೆನ್ನಿಗೆ ಕಟ್ಟಿಕೊಂಡು ಗೂಟ ಹೊಡೆಯುತ್ತಿದ್ದಳು. ಅವಳು ಮಾತು ಕಡಿಮೆ. ಎಲ್ಲವನ್ನೂ ನೋಡುತ್ತಿರುತ್ತಾಳೆ, ಅಷ್ಟೆ.

ಅವರ ಊರಿನವಳೇ ಆದ ರುಕಿಯಾ ಮೇಳದ ಆರೋಗ್ಯ ಡೇರೆಯಲ್ಲಿ ಕೆಲಸಕ್ಕಿದ್ದಳು. ಹಾದು ಹೋಗುವಾಗ ನಿಂತಳು.

"ಯಮ್ನಕ್ಕ, ಡೇರೆ ಚೆನ್ನಾಗಿದೆ. ಕೆಂಡ ಮಾತ್ರ ಒಳಗಿಡ್ಬೇಡಿ."

"ಡೇರೆಯಲ್ಲೇ ಹುಟ್ಟಿದೋಳಿಗೆ ನೀನು ಡೇರೆ ಪಾಠ ಹೇಳ್ತೀಯೇನೇ? ನಿಮ್ಮಮ್ಮನ ಮದುವೇಲಿ ಟೀ ಕುದ್ದಿದ್ದೂ ಡೇರೆಯೊಳಗೇ. ಯಾರು ಸತ್ರು? ನಿಮ್ಮಪ್ಪನ ಕುಣಿತ ನೋಡಿ ನಾವು ನಕ್ಕು ನಕ್ಕು ಸತ್ವಿ, ಅದು ಬೇರೆ!"

ಹೆಂಗಸರು ಗೊಳ್ಳೆಂದರು. ರುಕಿಯಾಳೂ ನಕ್ಕಳು. "ಅದು ಆಡಿನ ಕೂದಲ ಡೇರೆ ಅಕ್ಕ. ನೇಯ್ಗೇಲಿ ಗಾಳಿ ಆಡ್ತಿತ್ತು, ಬದಿಗಳನ್ನ ಎತ್ತಿ ಕಟ್ತಿದ್ರಿ. ಇದು ಜಿಪ್ ಎಳೆದ್ರೆ ಡಬ್ಬಿ. ಕೆಂಡದಿಂದ ವಿಷಗಾಳಿ ಬರುತ್ತೆ."

"ಹೊಗೆ ಬಂದ್ರೆ ನಂಗೆ ಗೊತ್ತಾಗಲ್ವಾ?"

"ಹೊಗೆಯಲ್ಲ ಅಕ್ಕ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ."

"ಕಣ್ಣಿಗೆ ಕಾಣಲ್ಲ, ಮೂಗಿಗೆ ಸಿಗಲ್ಲ. ನಿನಗೆ ಮಾತ್ರ ಅದು ಬಂದು ಸಲಾಂ ಹೇಳ್ತೇನೋ! ಹೋಗೇ ಹೋಗು, ರೋಗಿಗಳು ಕಾಯ್ತಿದ್ದಾರೆ."

ಎಲ್ಲರೂ ಮತ್ತೆ ನಕ್ಕರು. ತೂದಾ ನಗಲಿಲ್ಲ. ಏನೋ ಕೇಳಬೇಕೆನಿಸಿತು. ಅತ್ತೆಯ ಮುಖ ನೋಡಿ ಮತ್ತೆ ಗೂಟಕ್ಕೆ ಬಗ್ಗಿದಳು.

ಸಂಜೆಗೆ ಗಾಳಿ ಎದ್ದಿತು. ಹೊರಗಿನ ಒಲೆಯ ಕಿಡಿಗಳು ಹಾರತೊಡಗಿದವು. ಯಮ್ನಾ ಕೆಂಡದ ಬಟ್ಟಲನ್ನು ಎತ್ತಿ ಡೇರೆಯೊಳಗೆ ಇಟ್ಟು, ಜಿಪ್ಪನ್ನು ಕೊನೆಯವರೆಗೂ ಎಳೆದಳು. ಒಳಗೆ ಬೆಚ್ಚಗಾಯಿತು. ಕೆಂಡದ ಮೇಲೆ ತಮಟೆಯನ್ನು ತಿರುಗಿಸುತ್ತ ಯಮ್ನಾ ಹಾಡು ಗುನುಗಿದಳು. ಜಾಯಿದ್ ವೇದಿಕೆಯ ಕಡೆ ಹೋಗಿದ್ದ; ತೂದಾಳ ಮಗ್ಗುಲಲ್ಲಿ ಮಗು ಮಲಗಿತ್ತು.

ಸ್ವಲ್ಪ ಹೊತ್ತಿಗೆ ಯಮ್ನಾ ಒಂದು ಸಾಲಿನ ನಡುವೆ ನಿಂತಳು. ಮತ್ತೆ ಶುರು ಮಾಡಿದಳು. ಅಲ್ಲೇ ಮತ್ತೆ ಮರೆತಳು. ಹಿಟ್ಟು ಬೀಸುತ್ತ, ಕುರಿ ಕಾಯುತ್ತ ಜೀವಮಾನವೆಲ್ಲ ಹಾಡಿದ ಹಾಡು ಅದು.

"ತಲೆ ಸಿಡೀತಿದೆ ಕಣೇ. ಹಾಳು ಗಾಳಿ."

ತೂದಾಳ ತಲೆಯೂ ಸಿಡಿಯುತ್ತಿತ್ತು. ಹೊಟ್ಟೆ ತೊಳಸುತ್ತಿತ್ತು. ಇಬ್ಬರಿಗೂ ಒಟ್ಟಿಗೇ ಏಕೆ? ಅಷ್ಟರಲ್ಲಿ ಯಮ್ನಾ ಚರ್ಮ ಬಿಗಿಯಾಯಿತೇ ಎಂದು ತಮಟೆಗೆ ಜೋರಾಗಿ ಹೊಡೆದಳು. ಯಾವಾಗಲೂ ಬೆಚ್ಚಿ ಅಳುವ ಮಗು ಕದಲಲಿಲ್ಲ. ತೂದಾ ಅದರ ಕೈ ಎತ್ತಿ ನೋಡಿದಳು. ಪುಟ್ಟ ಕೈ ಜೋತು ಬಿತ್ತು.

"ಅತ್ತೆ, ಹೊರಗೆ ಏಳಿ!" ತೂದಾ ಜಿಪ್ಪನ್ನು ಸರ್ರನೆ ತೆರೆದಳು.

"ಬಾಗಿಲು ಹಾಕೇ! ಚರ್ಮ ತಣ್ಣಗಾಗುತ್ತೆ!"

"ಆಗ್ಲಿ! ಏಳಿ ಅಂದ್ರೆ ಏಳಿ!"

ಆ ದನಿಗೆ ಯಮ್ನಾ ಬೆರಗಾಗಿ ಎದ್ದಳು. ಕಾಲು ನಿಲ್ಲಲಿಲ್ಲ. ತೂದಾ ಒಂದು ಕೈಯಲ್ಲಿ ಮಗುವನ್ನು ಅವಚಿ, ಇನ್ನೊಂದರಲ್ಲಿ ಅತ್ತೆಯನ್ನು ಗಾಳಿಗೆ ಎಳೆದು, "ರುಕಿಯಾ!" ಎಂದು ಮೇಳವೇ ತಿರುಗುವಂತೆ ಕೂಗಿದಳು.

ಆರೋಗ್ಯ ಡೇರೆಯಲ್ಲಿ ಮೂವರಿಗೂ ಆಮ್ಲಜನಕ ಕೊಟ್ಟರು. ಮಗು ಕಣ್ಣು ಬಿಟ್ಟು, ಮುಖ ಕೆಂಪಗೆ ಮಾಡಿಕೊಂಡು ಕಿರುಚಿತು. ತೂದಾಳಿಗೆ ಅದಕ್ಕಿಂತ ಒಳ್ಳೆಯ ಹಾಡು ಯಾವುದೂ ಇರಲಿಲ್ಲ.

"ಬೇಗ ಹೊರಗೆ ತಂದಿದ್ದೇ ಉಳಿಸ್ತು. ಇವತ್ತು ಯಾರೂ ಇಲ್ಲಿಂದ ಕದಲೋ ಹಾಗಿಲ್ಲ," ಎಂದಳು ಡಾಕ್ಟರಮ್ಮ.

ದೂರದ ವೇದಿಕೆಯಲ್ಲಿ ಯಮ್ನಾಳ ಹಾಡನ್ನು ಬೇರೆಯವಳು ಎತ್ತಿಕೊಂಡಳು. ಯಮ್ನಾ ಮೂಗಿನ ಮೇಲಿನ ಕವಚದೊಳಗಿಂದಲೇ ಗೊಣಗಿದಳು. "ಮದುವೆ ಹಾಡಿಗೆ ಇಷ್ಟು ಅವಸರಕ್ಕೆ ಬಡಿದ್ರೆ ಮದುಮಗಳು ಓಡಿ ಹೋಗ್ತಾಳೆ."

"ಮಾತು ಬಂತು! ಯಮ್ನಕ್ಕ ಹುಷಾರಾದ್ರು," ಎಂದಳು ರುಕಿಯಾ.

ಯಮ್ನಾ ಮೊಮ್ಮಗಳ ಕಾಲು ಹಿಡಿದುಕೊಂಡಳು. ಆಮೇಲೆ ರುಕಿಯಾಳನ್ನು ಕೇಳಿದಳು. "ಬಾಗಿಲು ಸ್ವಲ್ಪ ತೆರೆದಿಟ್ರೆ ಸಾಕಾಗ್ತಿತ್ತೇನೇ?"

"ಸಾಲಲ್ಲ ಅಕ್ಕ. ಕೆಂಡ, ಗ್ಯಾಸ್ ಒಲೆ, ಯಾವುದೂ ಡೇರೆಯೊಳಗೆ ಬೇಡ. ಚಳಿಗೆ ಉಣ್ಣೆ ಹೊದಿರಿ. ಮಲಗೋ ಮೊದಲು ಹೊರಗಿನ ಕೆಂಡಕ್ಕೂ ನೀರು ಸುರೀರಿ."

"ಮತ್ತೆ ತಮಟೆ?"

"ಗಾಳಿಗೆ ಅಡ್ಡ ಒಂದು ಮರೆ ಕಟ್ಟಿ, ಬಯಲಲ್ಲೇ ಕಾಯಿಸಿ."

ಮರುದಿನ ಡಾಕ್ಟರಮ್ಮ ಮತ್ತೊಮ್ಮೆ ನೋಡಿ, ಹೋಗಬಹುದು ಎಂದಳು. ಯಮ್ನಾ ಡೇರೆಗಳಿಂದ ದೂರದಲ್ಲಿ ಕಂಬಳಿಯ ಮರೆ ಕಟ್ಟಿಸಿ ಕೆಂಡ ಹಾಕಿಸಿದಳು. ಆಮೇಲೆ ಡೇರೆ ಡೇರೆಗೂ ಹೋಗಿ ಕೂಗಿದಳು. "ತಮಟೆ ಕಾಯಿಸೋರೆಲ್ಲ ಅಲ್ಲಿಗೆ ಬನ್ನಿ! ಒಳಗೆ ಕೆಂಡ ಇಟ್ಕೊಂಡೋರ ಟೀ ನಾನು ಕುಡಿಯಲ್ಲ, ಅವರ ಮದುವೆಗೂ ಹಾಡಲ್ಲ!"

ಎಲ್ಲ ತಂಡದವರೂ ಬಂದರು. ಬೇರೆ ಬೇರೆ ಊರಿನ ತಮಟೆಗಳು ಒಂದೇ ಕೆಂಡಕ್ಕೆ ಕಾದವು. ಟೀ ಕುದಿಯಿತು, ಖರ್ಜೂರ ಹಂಚಿಕೆಯಾಯಿತು, ವೇದಿಕೆಗೆ ಮೊದಲೇ ಕುಣಿತ ಶುರುವಾಯಿತು.

ವೇದಿಕೆ ಹತ್ತುವಾಗ ಯಮ್ನಾ ಮಗುವನ್ನು ಜಾಯಿದ್‌ನ ಕೈಗೆ ಹಾಕಿ, ಸೊಸೆಯನ್ನು ಸಾಲಿಗೆ ಎಳೆದಳು.

"ನಂಗೆ ಬರಲ್ಲ ಅತ್ತೆ..."

"ನಿನ್ನೆ ನನ್ನನ್ನೇ ಗದರಿಸ್ದೆಯಲ್ಲ, ಅದೇ ಗಂಟಲಲ್ಲಿ ಹಾಡು."

ತೂದಾ ಹಾಡಿದಳು. ಮೊದಲು ಮೆಲ್ಲಗೆ. ಆಮೇಲೆ ಹಿಂದಿನ ಸಾಲಿನವರಿಗೂ ಕೇಳುವಷ್ಟು.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನೀವೂ ಮೇಳಗಳಿಗೆ ಹೋಗಿ, ಡೇರೆ ಹಾಕಿ, ಮನಸಾರೆ ಕುಣಿಯಿರಿ. ಆದರೆ ಡೇರೆಯಾಗಲಿ, ಮುಚ್ಚಿದ ಕೋಣೆಯಾಗಲಿ, ಚಳಿಗೆಂದು ಒಳಗೆ ಕೆಂಡ ಇಡಬೇಡಿ. ತಲೆನೋವು, ವಾಕರಿಕೆ, ಮಂಪರು ಕಂಡರೆ ಮೊದಲು ಎಲ್ಲರನ್ನೂ ಹೊರಗೆ ಕರೆತನ್ನಿ. ಕೂಡಲೇ ವೈದ್ಯರ ನೆರವು ಕೇಳಿ, ಹುಷಾರಾದಂತೆ ಕಂಡರೂ ತೋರಿಸಿ. ಹಿರಿಯರ ಮುಂದೆ ಹೇಳಲು ನಾಚಿಕೆಯಾದರೆ ನಾಚಿಕೊಂಡೇ ಹೇಳಿ, ಆದರೆ ಹೇಳಿ. ಇಂದು ತಪ್ಪಿದ ಹಾಡನ್ನು ನಾಳೆ ಹಾಡಬಹುದು. ಹಾಡುವವರು ಉಳಿದಿರಬೇಕು, ಅಷ್ಟೆ.