ತವರಿನ ಮೇಲೆ ಎಂಟು ನಿಮಿಷ

ಸಹಿ ಹಾಕುವ ಹಿಂದಿನ ದಿನ ನಿನ್ನನ್ನು ಹೆಲಿಕಾಪ್ಟರಿನಲ್ಲಿ ಕೂಡಿಸುತ್ತೇನೆ ಎಂದು ತಮ್ಮ ಪ್ರಭುರಾಜ ಫೋನು ಮಾಡಿದಾಗ ಗುರುಲಿಂಗಮ್ಮನಿಗೆ ಮೊದಲು ನಗು ಬಂತು, ಆಮೇಲೆ ಹೇಸಿಗೆಯಾಯಿತು. ಕೊಪ್ಪಳದಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಮಗ್ಗಿ ಕಲಿಸುತ್ತ ಬಂದ ಹೆಂಗಸು ಅವಳು. ಯಾರು ಯಾವ ಮಟ್ಟದ ಮನುಷ್ಯ ಎಂದು ನೋಡಿದ ಕೂಡಲೇ ಹೇಳಬಲ್ಲೆ ಎಂಬ ನಂಬಿಕೆ ಅವಳಿಗಿತ್ತು. ತಮ್ಮನನ್ನಂತೂ ಅವನಿಗೆ ಮೀಸೆ ಚಿಗುರುವ ಮೊದಲೇ ಫೇಲು ಮಾಡಿಬಿಟ್ಟಿದ್ದಳು.

ಸಹಿಯ ವಿಷಯ ಇಷ್ಟೇ. ಏಳು ವರ್ಷದ ಹಿಂದೆ ಅಪ್ಪ ಕೊಟ್ರಪ್ಪ ತೀರಿಕೊಂಡ ಮೇಲೆ, ಆನೆಗೊಂದಿಯ ಆಚೆ ಗುಡ್ಡದ ಹಿಂದಿದ್ದ ನಾಲ್ಕು ಎಕರೆ ಹೊಲದ ಪಹಣಿಯಲ್ಲಿ ಅಕ್ಕ ತಮ್ಮ ಇಬ್ಬರ ಹೆಸರೂ ಕೂತಿದ್ದವು. ಆ ಹೊಲ ಈಗ ಬರೀ ಬಳ್ಳಾರಿ ಜಾಲಿ, ಬಾವಿಯೂ ಹೂತುಹೋಗಿದೆ, ಯಾರೋ ಕಲ್ಲು ಒಡೆಯುವವರು ಕೇಳುತ್ತಿದ್ದಾರೆ, ನಿನ್ನ ಹೆಸರು ತೆಗೆಸಿದರೆ ಅವರ ತಲೆಗೆ ಕಟ್ಟಿಬಿಡುತ್ತೇನೆ ಎಂದು ಪ್ರಭುರಾಜ ಹೇಳಿದ್ದ. ಗುರುಲಿಂಗಮ್ಮ ಹೂಂ ಅಂದಿದ್ದಳು. ಹೆಲಿಕಾಪ್ಟರ್ ಹತ್ತಿದ ಮರುದಿನ ಹನ್ನೊಂದು ಗಂಟೆಗೆ ಗಂಗಾವತಿಯ ರಜಿಸ್ಟರ್ ಕಚೇರಿಯಲ್ಲಿ ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಸಹಿ ಹಾಕಿದರೆ ಮುಗಿಯಿತು.

ಅವಳಿಗೆ ಆ ಮಣ್ಣು ಬೇಕಾಗಿರಲೇ ಇಲ್ಲ. ಬೇಡ ಅನ್ನುವುದರಲ್ಲಿ ಅವಳಿಗೊಂದು ಸುಖವಿತ್ತು. ಅಪ್ಪನ ದಿನಕರ್ಮದ ದಿವಸ ಬಂಧುಬಳಗವೆಲ್ಲ ಕೂತಿದ್ದಾಗ, ನಿಮ್ಮ ಮಣ್ಣು ನನಗೆ ಬೇಡ, ನನ್ನ ಪಗಾರ ನನಗೆ ಸಾಕು ಎಂದು ಅವಳು ಹೇಳಿದ್ದನ್ನು ಹಿರಿಯರು ಇವತ್ತಿಗೂ ಹೊಗಳುತ್ತಾರೆ. ಗಿಣಿಗೇರಾದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿರುವ ಗಂಡ ಗುರುಬಸವ, ಅರ್ಧ ತಗೊಂಡರೆ ತಪ್ಪೇನು ಎಂದು ಒಮ್ಮೆ ಬಾಯಿಬಿಟ್ಟದ್ದಕ್ಕೆ ಅವನ ಜೊತೆ ನಾಲ್ಕು ದಿನ ಮಾತು ಬಿಟ್ಟಿದ್ದಳು. ಶಾಲೆಯಲ್ಲಿ ದಾನೇಶ್ವರಿ ಟೀಚರು ಅಣ್ಣಂದಿರ ಮೇಲೆ ಪಾಲಿಗಾಗಿ ಕೇಸು ಹಾಕಿದಾಗ, ಸ್ಟಾಫ್ ರೂಮಿನಲ್ಲಿ ಅವಳ ಪಕ್ಕದ ಕುರ್ಚಿಯಿಂದ ಎದ್ದು ಬೇರೆ ಕಡೆ ಕೂತವಳು ಇವಳೇ. ತವರಿನ ಮುಂದೆ ಕೈ ಚಾಚುವ ಹೆಣ್ಣುಮಕ್ಕಳನ್ನು ಕಂಡರೆ ಅವಳ ಮೂಗು ತಾನಾಗಿಯೇ ಮುರಿಯುತ್ತಿತ್ತು.

ನಮ್ಮ ಕಡೆ ಹೆಣ್ಣುಮಕ್ಕಳ ಹೆಸರು ತೆಗೆಸುವುದಕ್ಕೂ ಒಂದು ಪದ್ಧತಿ ಇದೆ. ಮನೆಗೆ ಕರೆದು ಹೋಳಿಗೆ ಊಟ ಹಾಕುತ್ತಾರೆ, ಸೀರೆ ಕೊಡುತ್ತಾರೆ, ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಿಕೆ ಹಾಕಿ ಉಡಿ ತುಂಬುತ್ತಾರೆ, ಆಮೇಲೆ ಕಾಗದ ಮುಂದಿಡುತ್ತಾರೆ. ತುಂಬಿದ ಉಡಿಯನ್ನು ಹೆಣ್ಣುಮಗಳು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ತನ್ನ ಮನೆಗೆ ಹೋಗಿ ದೇವರ ಮುಂದೆ ಬಿಚ್ಚಬೇಕು. ನಡುದಾರಿಯಲ್ಲಿ ಬಿಚ್ಚಿದರೆ ತವರು ಕೊಟ್ಟದ್ದನ್ನು ಬೀದಿಗೆ ಚೆಲ್ಲಿದಂತೆ. ಪ್ರಭುರಾಜನಿಗೆ ಇದೆಲ್ಲ ಗೊತ್ತಿತ್ತು. ಆದರೆ ಅಕ್ಕಿ ವ್ಯಾಪಾರದಲ್ಲಿ ನಾಲ್ಕು ಕಾಸು ಕಂಡ ಮೇಲೆ ಊರಿನವರು ಮಾಡಿದ್ದನ್ನೇ ತಾನೂ ಮಾಡಿದರೆ ತನ್ನ ಹೆಚ್ಚುಗಾರಿಕೆ ಏನು ಉಳಿಯಿತು ಎಂಬ ರೋಗ ಅವನಿಗೆ ಹತ್ತಿತ್ತು. ಯಾವುದೋ ಕಂಪನಿ, ದುಡ್ಡು ಕೊಟ್ಟವರನ್ನು ಎಂಟು ನಿಮಿಷ ಸುತ್ತಾಡಿಸಲು ಮೂರು ದಿನಕ್ಕೆ ಹೆಲಿಕಾಪ್ಟರ್ ತಂದು ನಿಲ್ಲಿಸಿದ್ದೇ ತಡ, ಅಕ್ಕನ ಉಡಿಯನ್ನು ಅದರ ಮುಂದೆಯೇ ತುಂಬಬೇಕು, ತವರಿನ ನೆಲವನ್ನು ಅವಳಿಗೆ ಆಕಾಶದಿಂದ ತೋರಿಸಬೇಕು, ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಹಂಚಬೇಕು ಎಂದು ತೀರ್ಮಾನಿಸಿಬಿಟ್ಟ.

ಗಂಗಾವತಿ ದಾಟಿ ಆನೆಗೊಂದಿ ರಸ್ತೆಯ ಪಕ್ಕದ ಕೊಯ್ಲಾದ ಗದ್ದೆಗೆ ರೋಲರ್ ಹೊಡೆಸಿ, ಸುಣ್ಣದಲ್ಲಿ ದೊಡ್ಡ ಸುತ್ತು ಎಳೆದಿದ್ದರು. ಕಾರಿನಿಂದಿಳಿದ ಪ್ರಭುರಾಜನನ್ನು ಗುರುಲಿಂಗಮ್ಮ ಅಡಿಯಿಂದ ಮುಡಿಯವರೆಗೆ ನೋಡಿದಳು. ಬಿಳಿ ಪ್ಯಾಂಟು, ಬಿಳಿ ಬೂಟು, ಕಪ್ಪು ಕನ್ನಡಕ, ಕೈಗೆ ಬಂಗಾರದ ಕಡಗ. ಅವನ ಅತ್ತರಿನ ವಾಸನೆಗೆ ಅವಳಿಗೆ ತಲೆ ಹಿಡಿದಂತಾಯಿತು. ಅವನ ಹೆಂಡತಿ ಅಮೃತಾ ತಟ್ಟೆ ಹಿಡಿದುಕೊಂಡು, ಬರ್ರಿ ಅಕ್ಕಾರ ಎಂದು ಕರೆದು, ಹೆಲಿಕಾಪ್ಟರಿಗೆ ಬೆನ್ನು ಮಾಡಿ ನಿಲ್ಲಿಸಿ ಉಡಿ ತುಂಬಿದಳು. ಬಿಸಿಲು ಮುಖಕ್ಕೆ ಬೀಳುತ್ತಿದೆ, ಫೋಟೋ ಸರಿ ಬರಲಿಲ್ಲ ಎಂದು ಪ್ರಭುರಾಜ ಇನ್ನೊಮ್ಮೆ ತುಂಬಿಸಿದ. ಸಾಲಿನಲ್ಲಿ ನಿಂತಿದ್ದ ಜನ ನಗುತ್ತಿದ್ದರು. ಈ ಮೂರ್ಖನ ಜೊತೆ ಒಂದೇ ತಾಯಿಯ ಹಾಲು ಕುಡಿದೆನಲ್ಲ ಎಂದು ಗುರುಲಿಂಗಮ್ಮ ಹಲ್ಲು ಕಚ್ಚಿ ನಿಂತಳು.

ಹತ್ತುವ ಮುಂಚೆ ಎಲ್ಲರನ್ನೂ ತಕ್ಕಡಿಯ ಮೇಲೆ ನಿಲ್ಲಿಸುತ್ತಿದ್ದರು. ತೂಕ ನೋಡಿ ಯಾರನ್ನು ಎಲ್ಲಿ ಕೂಡಿಸಬೇಕೆಂದು ಕಂಪನಿಯವರು ನಿರ್ಧರಿಸುವುದಂತೆ. ದಿನವಿಡೀ ಅಕ್ಕಿ ಚೀಲ ತೂಗಿಸುವ ಪ್ರಭುರಾಜ ತಾನೇ ತಕ್ಕಡಿ ಹತ್ತಬೇಕಾಗಿ ಬಂದಾಗ ಹೊಟ್ಟೆ ಒಳಗೆ ಎಳೆದುಕೊಂಡು ನಿಂತ. ಮುಳ್ಳು ನೂರಾ ನಾಲ್ಕಕ್ಕೆ ಹೋಯಿತು. ಪೈಲಟ್ ಪಕ್ಕದ ಮುಂದಿನ ಸೀಟು ತನಗೇ ಎಂದು ಅವನು ಮೊದಲೇ ಹೇಳಿಟ್ಟಿದ್ದ. ಕಂಪನಿಯ ಹುಡುಗಿ ಪಟ್ಟಿ ನೋಡಿ, ಹಗುರ ಇದ್ದವರು ಮುಂದೆ, ನಿಮ್ಮ ಅಕ್ಕ ಅಲ್ಲಿ ಕೂರಲಿ, ನೀವು ಹಿಂದೆ ಅಂದಳು. ಅವನು ತನ್ನ ಹೆಸರು, ತನ್ನ ಅಂಗಡಿ, ತನ್ನ ಗುರುತಿನ ದೊಡ್ಡವರು ಎಲ್ಲ ಹೇಳಿ ನೋಡಿದ. ಹುಡುಗಿ ಬೇರೆ ಊರಿನವಳು, ಅವಳಿಗೆ ಇವನು ನೂರಾ ನಾಲ್ಕು ಕಿಲೋ ಮಾತ್ರ. ಗುರುಲಿಂಗಮ್ಮನಿಗೆ ಆ ಹುಡುಗಿಯ ಮೇಲೆ ಪ್ರೀತಿಯೇ ಬಂದುಬಿಟ್ಟಿತು.

ಅದೇ ಹುಡುಗಿ ಅವಳ ಸೊಂಟದ ಗಂಟು ನೋಡಿ, ಬಿಡಿ ಸಾಮಾನು ಒಯ್ಯುವಂತಿಲ್ಲ, ಅಕ್ಕಿ ಗಿಕ್ಕಿ ಒಳಗೆ ಉದುರಬಾರದು, ಬಿಚ್ಚಿ ಇಲ್ಲೇ ಇಡಿ ಎಂದಾಗ ಮಾತ್ರ ಗುರುಲಿಂಗಮ್ಮ ಕದಲಲಿಲ್ಲ. ಇದನ್ನು ಮನೆಗೆ ಹೋಗದೆ ಬಿಚ್ಚುವುದಿಲ್ಲ, ನಾನು ಬರುವುದೇ ಇಲ್ಲ, ನೀವು ಹೋಗಿಬನ್ನಿ ಅಂದಳು. ಅಮೃತಾ ಗಂಡನ ಮುಖ ನೋಡಿದಳು. ಹಿಂದಿನ ಸಾಲಿನವರು ಗೊಣಗತೊಡಗಿದರು. ಪ್ರಭುರಾಜ ವಾಚು ನೋಡಿಕೊಂಡು ಮುಂದೆ ಬಂದ, ಅಕ್ಕನ ಸೆರಗಿಗೆ ತಾನೇ ಕೈ ಹಾಕಿ ಗಂಟು ಎಳೆದ. ಅರ್ಧ ಅಕ್ಕಿ ಹುಡುಗಿ ಹಿಡಿದ ಪ್ಲಾಸ್ಟಿಕ್ ಟ್ರೇಗೆ ಬಿತ್ತು, ಅರ್ಧ ಗದ್ದೆಯ ಮಣ್ಣಿಗೆ ಬಿತ್ತು.

“ಅಕ್ಕಿ ಏನ್ ಅಕ್ಕಾ, ನಮ್ಮ ಅಂಗಡ್ಯಾಗ ಗುಡ್ಡೆ ಐತಿ. ಟೈಮ್ ಹೊಂಟೈತಿ, ನಡಿ,” ಅಂದ.

ಸಾಲು ನಿಲ್ಲಿಸಲು ಕಂಪನಿಯವರು ಇಟ್ಟುಕೊಂಡಿದ್ದ ನೂರಸಾಬ, ಬಸ್ ಕಂಡಕ್ಟರಾಗಿ ನಿವೃತ್ತನಾದ ಮುದುಕ, ಕೆಳಗೆ ಕೂತು ಮಣ್ಣಿನಲ್ಲಿದ್ದ ಉತ್ತತ್ತಿ, ಅಡಿಕೆ, ಕೈಗೆ ಸಿಕ್ಕಷ್ಟು ಅಕ್ಕಿ ಆರಿಸಿ ತನ್ನ ಟವೆಲಿನಲ್ಲಿ ಕಟ್ಟಿ ಅವಳ ಕೈಚೀಲದ ಪಕ್ಕ ಇಟ್ಟ. ಗುರುಲಿಂಗಮ್ಮನಿಗೆ ಕಣ್ಣು ತುಂಬಿ ಬಂತು. ಆದರೂ ಹತ್ತಿದಳು. ಈ ಹೊಲಸಿನಿಂದ ಬೇಗ ಕೈ ತೊಳೆದುಕೊಂಡರೆ ಸಾಕು, ನಾಳೆ ಸಹಿ ಹಾಕಿ ಇವನ ಮುಖ ನೋಡುವುದನ್ನೇ ಬಿಡುತ್ತೇನೆ ಎಂದುಕೊಂಡಳು.

ಮುಂದಿನ ಸೀಟಿನಲ್ಲಿ ಕಾಲಿನ ಕೆಳಗೂ ಗಾಜಿತ್ತು. ನೆಲ ಜಾರಿ ಕೆಳಗೆ ಹೋದಾಗ ಅವಳು ಬಗ್ಗಿ ಅದನ್ನೇ ನೋಡಿದಳು. ಹಿಂದೆ ತಿರುಗಿ ನೋಡಿದರೆ ಪ್ರಭುರಾಜ ಕನ್ನಡಕ ಮೂಗಿನ ತುದಿಗೆ ಜಾರಿದ್ದರೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಅಮೃತಾಳ ಕೈ ಹಿಚುಕುತ್ತ, ತುಟಿ ಅಲ್ಲಾಡಿಸುತ್ತ ಕೂತಿದ್ದ. ವಿಡಿಯೋ ಮಾಡುವ ಮೊಬೈಲು ಅವನ ತೊಡೆಯ ಮೇಲೆ ಅಂಗಾತ ಬಿದ್ದಿತ್ತು. ಊರಿಗೆಲ್ಲ ಡಂಗುರ ಸಾರಿದ ಗಂಡಸು ಎಂಟು ನಿಮಿಷ ಕಣ್ಣು ಬಿಡಲಾರ. ಅವಳು ನಕ್ಕು ಮುಂದೆ ತಿರುಗಿದಳು.

ನೋಡುವುದಕ್ಕೆ ಚೆನ್ನಾಗಿಯೇ ಇತ್ತು, ಅದನ್ನು ಒಪ್ಪಿಕೊಳ್ಳಬೇಕು. ರೈಸ್ ಮಿಲ್ಲುಗಳ ತಗಡಿನ ಮಾಡು, ಕಾಲುವೆಯ ನೇರ ಗೆರೆ, ಭತ್ತದ ಮಡಿಗಳು, ಬಾಳೆಯ ತೋಟಗಳು, ಆಮೇಲೆ ಕಲ್ಲುಗುಡ್ಡಗಳು, ಗುಡ್ಡಗಳ ನಡುವೆ ಹೊಳೆ. ಪೈಲಟ್ ಹೊಳೆಯ ಮೇಲೆ ಒಂದು ಸುತ್ತು ಹಾಕಿ ವಾಪಸು ತಿರುಗಿಸಿದ. ಹಾಗೆ ವಾಲಿದಾಗ ಒಂದು ಗುಡ್ಡದ ಹಿಂಬದಿ ಪೂರ್ತಿ ಅವಳ ಕಾಲ ಕೆಳಗೆ ಬಂತು.

ಅಲ್ಲಿ ಹುಲ್ಲಿನ ಮಾಡಿನ ದುಂಡನೆಯ ಗುಡಿಸಲುಗಳಿದ್ದವು. ಹನ್ನೆರಡೋ ಹದಿನಾಲ್ಕೋ ಇರಬೇಕು. ಕೆಂಪು ಕಲ್ಲಿನ ಕಾಲುದಾರಿ, ತೂಗುಮಂಚ, ಸಾಲಾಗಿ ನಿಂತ ಕಾರುಗಳು. ನಡುವೆ ನೀಲಿ ಬಣ್ಣ ಬಳಿದ ಒಂದು ಕೊಳ, ಅದರಲ್ಲಿ ಇಬ್ಬರು ಮೂವರು ಈಜುತ್ತಿದ್ದರು. ಕೊಳ ಚೌಕವಾಗಿತ್ತು, ಆದರೆ ಒಂದು ಮೂಲೆ ಮಾತ್ರ ಸೊಟ್ಟಗೆ ಒಳಕ್ಕೆ ಬಾಗಿ, ಅಲ್ಲಿಂದ ಒಂದು ಬಂಡೆ ಮೂಗು ಚಾಚಿತ್ತು.

ಆ ಬಂಡೆಯನ್ನು ಅಪ್ಪ ಎರಡು ಬೇಸಿಗೆ ಒಡೆಯಲು ನೋಡಿ ಸೋತು, ಬಾವಿಯನ್ನೇ ಅದರ ಸುತ್ತ ಬಾಗಿಸಿ ತೋಡಿಸಿದ್ದ. ಅದೇ ಬಂಡೆಯ ಮೇಲಿಂದ ಅವಳು ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ನೀರಿಗೆ ಹಾರಿದ್ದಳು. ಪ್ರಭುರಾಜನಿಗೆ ಈಜು ಕಲಿಸಿದ್ದೂ ಅಲ್ಲೇ. ಇಡೀ ಭೂಮಿಯಲ್ಲಿ ಅಂಥ ಸೊಟ್ಟ ಮೂಲೆಯ ಬಾವಿ ಇನ್ನೊಂದು ಇರಲಾರದು. ಜಾಲಿ ಬೆಳೆದ ಹೊಲ ಅದು. ಹೂತುಹೋದ ಬಾವಿ ಅದು. ಬರೀ ರಸ್ತೆಯಿಂದ ನೋಡಿದವರಿಗೆ ಗುಡ್ಡ ಎಲ್ಲವನ್ನೂ ಮುಚ್ಚಿಡುತ್ತದೆ. ಮುಂದಿನ ಸೀಟು ತನಗೇ ಸಿಗುತ್ತದೆಂದು ನಂಬಿದ್ದ ಆ ಜಾಣ ಇಷ್ಟನ್ನು ಯೋಚಿಸಿರಲಿಲ್ಲ.

ಇಳಿದ ಮೇಲೆ ಪ್ರಭುರಾಜ ಮತ್ತೆ ಗಂಡಸಾದ. ಹೆಂಗಿತ್ತು ಅಕ್ಕಾ, ನಮ್ಮ ನಾಡು ಮ್ಯಾಲಿಂದ ಹೆಂಗ ಕಾಣತೈತಿ ಎಂದು ಮೊಬೈಲು ಮುಖಕ್ಕೆ ಹಿಡಿದ. ಅವಳು ಅವನ ಕೈ ಪಕ್ಕಕ್ಕೆ ಸರಿಸಿ, ನೂರಸಾಬನ ಟವೆಲಿನ ಗಂಟು ತೆಗೆದುಕೊಂಡು, ಕಾರಿನ ತನಕ ನಡೆದಳು. ಅಮೃತಾ ಕಾರಿನೊಳಗೆ ಕೂತ ಮೇಲೆ ಗುರುಲಿಂಗಮ್ಮ ಹೊರಗೆ ನಿಂತೇ ತಮ್ಮನನ್ನು ಕೇಳಿದಳು. “ಬಾವ್ಯಾಗ ಜನ ಈಜಾಕತ್ಯಾರಲ್ಲೋ ಪ್ರಭು. ಹೂತು ಹೋಗೈತಿ ಅಂದಿದ್ದಿ.”

ಅವನ ಮುಖ ಬಿಳಚಿಕೊಂಡಿತು. ಆದರೆ ವ್ಯಾಪಾರಸ್ಥ, ಸುಳ್ಳಿಗೆ ಸುಳ್ಳು ಪೋಣಿಸಲಿಲ್ಲ. ಆರು ವರ್ಷದ ಹಿಂದೆಯೇ ರೆಸಾರ್ಟಿನವರಿಗೆ ಬಾಯಿಮಾತಿನ ಮೇಲೆ ಬಾಡಿಗೆಗೆ ಕೊಟ್ಟಿದ್ದಾಗಿಯೂ, ಈಗ ಅವರು ಸಾಲಕ್ಕಾಗಿ ಬ್ಯಾಂಕಿಗೆ ಹೊಲದ ಕಾಗದ ಕೊಡಬೇಕಾದ್ದರಿಂದ ಅವಳ ಸಹಿ ಬೇಕಾಯಿತೆಂದೂ ಹೇಳಿದ. ನನಗೆ ಯಾಕೆ ಹೇಳಲಿಲ್ಲ ಎಂದಳು. ಪ್ರಭುರಾಜನಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

“ನಿನಗ ಯಾಕ ಹೇಳಬೇಕು? ಮಂದಿ ಮುಂದ ನೀನಽ ಅಂದಿದ್ದ್ಯಲ್ಲ, ನಿಮ್ಮ ಮಣ್ಣು ನನಗ ಬ್ಯಾಡಂತ. ಅದನ್ನ ನಂಬಿಽ ನಾ ಕೊಟ್ಟೀನಿ.”

ಇವನು ಮೂರ್ಖನಾಗಿರಲಿಲ್ಲ. ಅಕ್ಕನ ದೊಡ್ಡಸ್ತಿಕೆಯನ್ನು ಅವನು ಚೆನ್ನಾಗಿ ಓದಿಕೊಂಡಿದ್ದ. ಹಿರಿಯರು ಹೊಗಳಿದ ಒಂದೊಂದು ಸಲವೂ ಅವಳು ಇನ್ನಷ್ಟು ಬಿಗಿಯಾಗಿ ಬೇಡ ಅಂದಿದ್ದಳು, ಅವಳು ಬೇಡ ಅಂದ ಒಂದೊಂದು ಸಲವೂ ಅಲ್ಲೊಂದು ಗುಡಿಸಲು ಎದ್ದಿತ್ತು. ಆರು ವರ್ಷ ಅವನು ಉಂಡದ್ದು ಅವಳ ತಿರಸ್ಕಾರವನ್ನೇ. ಗಂಡನ ಜೊತೆ ಮಾತು ಬಿಟ್ಟದ್ದು ನೆನಪಾಗಿ ಅವಳಿಗೆ ನಾಚಿಕೆಯಾಯಿತು, ತನ್ನ ಮೇಲೆಯೇ ಸಿಟ್ಟು ಬಂತು.

“ನಾ ಸಹಿ ಹಾಕಂಗಿಲ್ಲ,” ಅಂದಳು.

ಪ್ರಭುರಾಜ ಮೊದಲು ನಕ್ಕ. ಆಮೇಲೆ ಅವಳು ನಗದೆ ಇರುವುದನ್ನು ಕಂಡು, ಬೇಕಾದರೆ ಕೈಗೆ ಬಂಗಾರದ ಬಿಲ್ವಾರ ಬಳೆ ಮಾಡಿಸಿಕೊಡುತ್ತೇನೆ, ನಾಳೆ ರೆಸಾರ್ಟಿನ ಸಾಹುಕಾರರೇ ಕಚೇರಿಗೆ ಬರುತ್ತಾರೆ, ಅವರ ಮುಂದೆ ನನ್ನ ಮಾನ ಕಳೆಯಬೇಡ ಎಂದು ಕೈ ಹಿಡಿದುಕೊಂಡ. ಸೆರಗಿನ ಗಂಟು ಎಳೆದದ್ದೂ ಅದೇ ಕೈ. ಅವಳು ಬಿಡಿಸಿಕೊಂಡಳು.

“ಅರ್ಧ ನಂದು. ಹೊಲ, ಬಾವಿ, ಅದರಿಂದ ಬಂದದ್ದು, ಎಲ್ಲಾದರಾಗೂ ಅರ್ಧ. ನನಗ ಬೇಕು.”

ಬೇಕು ಎಂಬ ಮಾತನ್ನು ಅವಳು ಹುಟ್ಟಿದಾಗಿನಿಂದ ತಮ್ಮನ ಮುಂದೆ ಆಡಿರಲಿಲ್ಲ. ಅದು ಒಡೆದ ದನಿಯಲ್ಲಿ, ಭಿಕ್ಷೆ ಬೇಡುವವರ ಬಾಯಿಂದ ಬಂದಂತೆ ಹೊರಬಿತ್ತು. ಪ್ರಭುರಾಜ ಕನ್ನಡಕ ತೆಗೆದ. ಸಿಟ್ಟಿಗೇಳಲಿಲ್ಲ. ಅವಳನ್ನು ಅಡಿಯಿಂದ ಮುಡಿಯವರೆಗೆ ಸಾವಕಾಶವಾಗಿ ನೋಡಿ, ಒಂದು ಕಡೆಯ ತುಟಿ ಮಾತ್ರ ಎತ್ತಿ ನಕ್ಕ.

“ಇಷ್ಟಽ ಏನ್ ಅಕ್ಕಾ ನೀನೂ? ನಾ ಏನೋ ನಮ್ಮಕ್ಕ ಭಾಳ ದೊಡ್ಡಾಕಿ ಅಂತ ತಿಳಕೊಂಡಿದ್ದೆ.”

ಅವಳ ಕಿವಿಯ ತನಕ ಬಿಸಿ ಏರಿತು. ಇಷ್ಟು ವರ್ಷ ಊರಿನವರನ್ನೆಲ್ಲ ಈ ನೋಟದಲ್ಲೇ ನೋಡಿದ್ದಳು, ಇದು ಇಷ್ಟು ಸುಡುತ್ತದೆಂದು ಅವಳಿಗೆ ತಿಳಿದಿರಲಿಲ್ಲ. ಈಗಲೂ ತಡವಾಗಿರಲಿಲ್ಲ. ನಿನ್ನ ಹೊಲ ನೀನೇ ಇಟ್ಟುಕೋ, ಮಣ್ಣು ತಿನ್ನು ಎಂದು ಒಂದು ಮಾತು ಬಿಸಾಡಿ ಬಸ್ಸು ಹತ್ತಿದರೆ ಮತ್ತೆ ಮೊದಲಿನಷ್ಟೇ ದೊಡ್ಡವಳಾಗಿ ಕೊಪ್ಪಳದಲ್ಲಿ ಇಳಿಯಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದೇ ಬಂತು. ಅವಳು ಅದನ್ನು ನುಂಗಿಕೊಂಡಳು.

“ಹೌದು, ಇಷ್ಟಽ,” ಅಂದಳು. “ನಾನೂ ಇಷ್ಟಽ. ಅರ್ಧ ಕೊಡು.”